ತೀರ್ಮಾನ ಕ್ಯಾಮೆರಾದ್ದೋ, ನಿಮ್ಮದೋ: ರಾ ಮತ್ತು ಜೆಪೆಗ್ ಕುರಿತು

ಪರದೆಯ ಮೇಲಿರುವ ಈ ಎರಡು ಚಿತ್ರಗಳನ್ನು ಮೊದಲು ನೋಡಿಬಿಡಿ, ಮಾತು ಆಮೇಲೆ. ಎರಡೂ ಒಂದೇ ಕ್ಷಣದವು, ಶಟರ್ ಒತ್ತಿದ್ದು ಒಂದೇ ಸಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಸ್ಥಳಕ್ಕೆ ಬಂದು ಮುಖ ಎತ್ತಿದ ಹೊತ್ತು ಅದು. ಎಡಗಡೆಯದು ಕ್ಯಾಮೆರಾ ತಾನೇ ತಯಾರಿಸಿ ಕೊಟ್ಟ ಜೆಪೆಗ್. ಬಲಗಡೆಯದು ರಾ ಫೈಲಿನಿಂದ, ಅಂದರೆ ಕ್ಯಾಮೆರಾ ಇನ್ನೂ ಚಿತ್ರವಾಗಿಸದ ಅಳತೆಗಳಿಂದ, ನಾನು ಕಂಪ್ಯೂಟರಿನಲ್ಲಿ ತೆಗೆದದ್ದು. ಇಷ್ಟು ದೂರದಿಂದ ನೋಡಿದರೆ, ಅದರಲ್ಲೂ ಹಿಂದಿನ ಸಾಲಿನವರಿಗೆ, ಎರಡೂ ಒಂದೇ ಅನ್ನಿಸಬಹುದು. ಈಗ ಕೆನ್ನೆಯ ಭಾಗವನ್ನು ದೊಡ್ಡದು ಮಾಡುತ್ತೇನೆ. ಅಲ್ಲಿರುವುದು ಚುಟ್ಟಿ. ಅಕ್ಕಿಹಿಟ್ಟು, ಸುಣ್ಣ ಕಲಸಿ, ಮುಳ್ಳುಮುಳ್ಳಾಗಿ ಒಂದೊಂದನ್ನೇ ಮುಖದ ಮೇಲೆ ಎಬ್ಬಿಸಿರುತ್ತಾರೆ. ಚೌಕಿಯಲ್ಲಿ ಕನ್ನಡಿ ಮುಂದೆ ತಾಳ್ಮೆಯಿಂದ ಕೂತು ಮಾಡುವ ಕೆಲಸ. ಎಡಗಡೆಯ ಚಿತ್ರದಲ್ಲಿ ಅದು ಬರೀ ಬಿಳಿ ಪಟ್ಟಿ. ಬಲಗಡೆಯದರಲ್ಲಿ ಮುಳ್ಳುಗಳನ್ನು ನೀವು ಎಣಿಸಬಹುದು, ಒಂದೊಂದರ ಪಕ್ಕದಲ್ಲೂ ಸಣ್ಣ ನೆರಳಿದೆ.

ಅಂದರೆ ಆ ಮುಳ್ಳುಗಳು ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರಿಗೆ ಸಿಕ್ಕಿದ್ದವು. ಜೆಪೆಗ್ ತಯಾರಾಗುವಾಗ ಕೈಬಿಟ್ಟುಹೋದವು. ರಾ ಒಳ್ಳೆಯದೋ ಜೆಪೆಗ್ ಒಳ್ಳೆಯದೋ ಎಂದು ಕೇಳುವವರಿಗೆಲ್ಲ ನಾನು ಹಾಕುವ ಮರುಪ್ರಶ್ನೆ ಇದೇ: ನಿಮ್ಮ ಚಿತ್ರದಲ್ಲಿ ಏನು ಉಳಿಯಬೇಕು, ಏನು ಹೋಗಬೇಕು ಎಂಬ ತೀರ್ಮಾನ ಮಾಡುವವರು ಯಾರು? ಯಾವ ಹೊತ್ತಿನಲ್ಲಿ ಮಾಡುತ್ತಾರೆ?

ಇದಕ್ಕೆ ಕ್ಯಾಮೆರಾದ ಒಳಗೆ ಸ್ವಲ್ಪ ಇಣುಕಬೇಕು. ಸೆನ್ಸರಿಗೆ ಬಣ್ಣ ಗೊತ್ತಿಲ್ಲ. ಬಿದ್ದ ಬೆಳಕು ಎಷ್ಟು ಎಂಬುದಷ್ಟೇ ಅದಕ್ಕೆ ಗೊತ್ತು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಹೀಗೆ ಬೆಳಕು ಅಳೆಯುವ 2.4 ಕೋಟಿ ಬಿಂದುಗಳಿರುತ್ತವೆ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಈ ಬಿಂದುಗಳ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರುಗಳನ್ನು ಚೌಕಾಕಾರದಲ್ಲಿ ಜೋಡಿಸುವ ಉಪಾಯ ಕಂಡುಹಿಡಿದರು. ಅದಕ್ಕೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಹಸಿರಿನ ಆಸುಪಾಸಿನ ಬೆಳಕಿಗೆ ಹೆಚ್ಚು ಚುರುಕು, ಅದಕ್ಕೇ ಹಸಿರಿಗೆ ಎರಡು ಪಾಲು. ಹಾಗಾಗಿ ಒಂದು ಬಿಂದುವಿನಲ್ಲಿ ಸಿಗುವುದು ಒಂದೇ ಬಣ್ಣದ ಅಳತೆ. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಲೆಕ್ಕ ಹಾಕಬೇಕು.

ಆ ಲೆಕ್ಕವನ್ನೂ ಹಾಕದೆ, ಬಿಂದುಗಳ ಅಳತೆಯನ್ನು ಹಾಗೆಯೇ ಬರೆದಿಟ್ಟ ಫೈಲು ರಾ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಎಷ್ಟಿತ್ತು, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಎಷ್ಟಿತ್ತು ಎಂಬ ಟಿಪ್ಪಣಿಗಳು ಜೊತೆಗಿರುತ್ತವೆ. ನಿಕಾನಿನಲ್ಲಿ ಎನ್‌ಇಎಫ್, ಕ್ಯಾನನ್‌ನಲ್ಲಿ ಸಿಆರ್3, ಸೋನಿಯಲ್ಲಿ ಎಆರ್‌ಡಬ್ಲ್ಯೂ ಎಂದು ಬೇರೆಬೇರೆ ಹೆಸರು, ಒಳಗಿನ ಸಂಗತಿ ಒಂದೇ.

ಜೆಪೆಗ್ ಆಗಬೇಕಾದರೆ ಈ ಅಳತೆಗಳು ಮುಂದಿನ ಹಾದಿಯೆಲ್ಲ ಸವೆಸಬೇಕು. ಬಣ್ಣ ತುಂಬುವುದು, ವೈಟ್ ಬ್ಯಾಲೆನ್ಸ್ ಹಾಕುವುದು, ಕಾಂಟ್ರಾಸ್ಟ್ ಏರಿಸುವುದು, ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಒರೆಸುವುದು, ಅಂಚುಗಳನ್ನು ಚೂಪು ಮಾಡುವುದು, ಕೊನೆಗೆ ಫೈಲನ್ನು ಕುಗ್ಗಿಸುವುದು. ನೀವು ಶಟರ್ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಪ್ರತಿ ಹೆಜ್ಜೆಯಲ್ಲೂ ಒಂದು ತೀರ್ಮಾನ ಇದೆ. ಆ ತೀರ್ಮಾನಗಳನ್ನು ಕ್ಯಾಮೆರಾ ರೂಪಿಸಿದ ಎಂಜಿನಿಯರುಗಳು ಎಷ್ಟೋ ಮೊದಲೇ, ನಿಮ್ಮ ರಂಗಸ್ಥಳವನ್ನಾಗಲಿ ಆ ವೇಷವನ್ನಾಗಲಿ ನೋಡದೆ ಮಾಡಿಟ್ಟಿದ್ದಾರೆ. ಬಹುಪಾಲು ಸಂದರ್ಭಕ್ಕೆ ಅವು ತುಂಬ ಒಳ್ಳೆಯ ತೀರ್ಮಾನಗಳೇ. ಮಧ್ಯಾಹ್ನದ ಬೆಳಕಲ್ಲಿ ಮನೆಮಂದಿಯೆಲ್ಲ ನಿಂತ ಒಂದು ಫೋಟೋಗೆ ಅದಕ್ಕಿಂತ ಚೆನ್ನಾಗಿ ಮಾಡಲು ನನಗೂ ಕಷ್ಟ.

ಜೆಪೆಗ್ ಅಂದರೆ ಕಡಿಮೆ ದರ್ಜೆಯದು ಎನ್ನುವ ಧಾಟಿ ನಮ್ಮ ಹವ್ಯಾಸಿಗಳಲ್ಲಿ ಬೆಳೆದುಬಿಟ್ಟಿದೆ. ನನಗೆ ಅದು ಒಪ್ಪಿಗೆಯಿಲ್ಲ. ಅದಕ್ಕೇ ವಿಷಯದಿಂದ ಸ್ವಲ್ಪ ಆಚೆ ಹೋಗಿ ಒಂದು ಸಂಗತಿ ಹೇಳುತ್ತೇನೆ. ಜೆಪೆಗ್ ಚಿತ್ರವನ್ನು ಎಂಟು ಬಿಂದು ಉದ್ದ, ಎಂಟು ಬಿಂದು ಅಗಲದ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲೂ ನಿಧಾನವಾಗಿ ಬದಲಾಗುವ ಬೆಳಕು ಎಷ್ಟು, ಗಡಿಬಿಡಿಯಾಗಿ ಏರಿಳಿಯುವ ಸೂಕ್ಷ್ಮ ವಿವರ ಎಷ್ಟು ಎಂದು ಬೇರ್ಪಡಿಸುತ್ತದೆ. ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮಗಳನ್ನು ಮೊದಲು ಕೈಬಿಡುತ್ತದೆ. ಹೀಗೆ ಬೇರ್ಪಡಿಸುವ ಗಣಿತದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ಯೋಚಿಸಿದವರು ನಾಸಿರ್ ಅಹ್ಮದ್. 1940ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು. 1961ರಲ್ಲಿ ಇಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಿಂದ, ಅಂದರೆ ಯುವಿಸಿಇಯಿಂದ, ಪದವಿ ಪಡೆದು ಅಮೆರಿಕಕ್ಕೆ ಹೋದರು. 1972ರಲ್ಲಿ ಈ ವಿಚಾರವನ್ನು ಸಂಶೋಧನೆ ಮಾಡುತ್ತೇನೆಂದು ಅಲ್ಲಿಯ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಅರ್ಜಿ ಹಾಕಿದರೆ ಹಣ ಸಿಗಲಿಲ್ಲ. ಆದರೂ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜೊತೆ ಸೇರಿ 1974ರಲ್ಲಿ ಪ್ರಬಂಧ ಪ್ರಕಟಿಸಿದರು. 1992ರಲ್ಲಿ ಜೆಪೆಗ್ ಮಾನದಂಡ ಬಂದಾಗ ಅದರ ಹೃದಯದಲ್ಲಿದ್ದದ್ದು ಇದೇ ಗಣಿತ. ನಿಮ್ಮ ಫೋನಿಗೆ ದಿನಾ ಬೆಳಗ್ಗೆ ಬರುವ ಶುಭೋದಯದ ಚಿತ್ರದಿಂದ ಹಿಡಿದು ಪತ್ರಿಕೆಯ ಜಾಲತಾಣದ ಫೋಟೋವರೆಗೆ ಆ ಬೆಂಗಳೂರಿಗರ ಕೆಲಸ ಇದೆ. ಇದು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೇಳಬೇಕಾದ ಕಥೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸರಿ, ವಿಷಯಕ್ಕೆ ಬರೋಣ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು. ಕಡುಗಪ್ಪು 0, ಅಪ್ಪಟ ಬಿಳಿ 255. ಈಗಿನ ಬಹುತೇಕ ಕ್ಯಾಮೆರಾಗಳ ರಾ ಫೈಲು 14 ಬಿಟ್‌ನದು, ಅದರಲ್ಲಿ 16,384 ಮೆಟ್ಟಿಲು. ಸಂಖ್ಯೆ ಕೇಳಿದ ತಕ್ಷಣ ಜೆಪೆಗ್ ಸೋತಿತು ಅಂದುಕೊಳ್ಳಬೇಡಿ. ಜೆಪೆಗ್‌ನ 256 ಮೆಟ್ಟಿಲುಗಳನ್ನು ಕಣ್ಣಿನ ಗ್ರಹಿಕೆಗೆ ಹೊಂದುವಂತೆ ಜಾಣತನದಿಂದ ಹಂಚಿದ್ದಾರೆ. ನೋಡುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ತೊಂದರೆ ಶುರುವಾಗುವುದು ತಿದ್ದಲು ಹೊರಟಾಗ. ಹಂಪಿಯ ಮಾತಂಗ ಬೆಟ್ಟದಿಂದ ತೆಗೆದ ಮುಂಜಾನೆಯ ಆಕಾಶವನ್ನು ತಗೊಳ್ಳಿ. ಕಿತ್ತಳೆಯಿಂದ ನೀಲಿಗೆ ತಿರುಗುವ ಆ ಜಾಗದಲ್ಲಿ ಜೆಪೆಗ್‌ಗೆ ಸಿಕ್ಕಿರುವುದು ಕೆಲವೇ ಮೆಟ್ಟಿಲು. ನೀವು ಕಾಂಟ್ರಾಸ್ಟ್ ಎಳೆದಾಗ ಆ ಮೆಟ್ಟಿಲುಗಳ ನಡುವೆ ಸಂದು ಬಿಟ್ಟು, ಆಕಾಶದಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. ರಾದಲ್ಲಿ ಎಳೆಯಲು ಬೇಕಾದಷ್ಟು ಸರಕಿದೆ.

ಇಲ್ಲೇ ಇನ್ನೊಂದು ಸೂಕ್ಷ್ಮ. ಸೆನ್ಸರ್ ಬೆಳಕನ್ನು ನೇರ ಲೆಕ್ಕದಲ್ಲಿ ಅಳೆಯುತ್ತದೆ. ಬೆಳಕು ಎರಡು ಪಟ್ಟಾದರೆ ಸಂಖ್ಯೆಯೂ ಎರಡು ಪಟ್ಟು. ಹಾಗಾಗಿ 16,384ರಲ್ಲಿ ಅರ್ಧ, ಅಂದರೆ 8,192 ಮೆಟ್ಟಿಲು, ಅತಿ ಪ್ರಕಾಶದ ಒಂದೇ ಸ್ಟಾಪಿಗೆ (ಬೆಳಕು ಎರಡು ಪಟ್ಟಾಗುವ ಒಂದು ಹೆಜ್ಜೆಗೆ) ಹೋಗುತ್ತವೆ. ಅದರ ಕೆಳಗಿನ ಸ್ಟಾಪಿಗೆ 4,096, ಅದರ ಕೆಳಗೆ 2,048, ಆರನೆಯದಕ್ಕೆ ಬರುವಷ್ಟರಲ್ಲಿ 256 ಮಾತ್ರ. ನೆರಳಿನಲ್ಲಿ ಬೆಳಕೂ ಕಡಿಮೆ, ಮೆಟ್ಟಿಲೂ ಕಡಿಮೆ. ಅದಕ್ಕೇ ಕಪ್ಪಾದ ರಾ ಚಿತ್ರವನ್ನು ಆಮೇಲೆ ಎತ್ತಿದರೆ ನೆರಳುಗಳಲ್ಲಿ ಮರಳು ಎರಚಿದಂತೆ ನಾಯ್ಸ್ ಕಾಣುತ್ತದೆ. ರಾ ಹಿಡಿಯುವವರು ಬಿಳಿ ಕೆಡದ ಹಾಗೆ ನೋಡಿಕೊಂಡು, ಎಕ್ಸ್‌ಪೋಷರನ್ನು, ಅಂದರೆ ಸೆನ್ಸರಿಗೆ ಬೀಳುವ ಬೆಳಕನ್ನು, ಆದಷ್ಟೂ ಧಾರಾಳವಾಗಿ ಕೊಡುವುದು ಈ ಕಾರಣಕ್ಕೆ.

ಚುಟ್ಟಿಯ ವಿಷಯಕ್ಕೂ ಈಗ ಉತ್ತರ ಸಿಕ್ಕಿತು. ಸೆನ್ಸರ್ ಇನ್ನೂ ತುಂಬಿರಲಿಲ್ಲ. ಆದರೆ ವೈಟ್ ಬ್ಯಾಲೆನ್ಸ್‌ಗಾಗಿ ಕ್ಯಾಮೆರಾ ಕೆಂಪು, ನೀಲಿಯ ಸಂಖ್ಯೆಗಳನ್ನು ಗುಣಿಸಿ ಹೆಚ್ಚಿಸಿತು, ಅದರ ಮೇಲೆ ಕಾಂಟ್ರಾಸ್ಟ್ ಕೂಡಿಸಿತು. ಎಲ್ಲವೂ 255ಕ್ಕೆ ಹೋಗಿ ಬಡಿದು ಒಂದೇ ಬಿಳಿಯಾಯಿತು.

ಇಲ್ಲಿ ಮದುವೆ ಫೋಟೋಗ್ರಫಿ ಮಾಡುವವರು ಹಲವರಿದ್ದೀರಿ, ಕೈ ಎತ್ತಿದಿರಿ. ನಿಮಗಾಗಿ ವೈಟ್ ಬ್ಯಾಲೆನ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ಕಲ್ಯಾಣ ಮಂಟಪದ ಬೆಳಕು ನಿಮಗೆ ಗೊತ್ತೇ ಇದೆ. ಚಾವಣಿಯಲ್ಲಿ ಎಲ್‌ಇಡಿ, ವಿಡಿಯೋದವರ ಕೈಯಲ್ಲಿ 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನ ಹಳದಿ ಲೈಟು, ಪಕ್ಕದ ಬಾಗಿಲಿಂದ 5500 ಕೆಲ್ವಿನ್‌ನ ಬಿಸಿಲು. ಅಂತರಪಟ ಹಿಡಿದಿದ್ದಾರೆ. ಹುಡುಗ ಹುಡುಗಿಯ ಕೈಯಲ್ಲಿ ಜೀರಿಗೆ ಬೆಲ್ಲ. ಗಟ್ಟಿಮೇಳ ಶುರುವಾಗಿ ಪಟ ಸರಿಯಿತು. ಅದೇ ಹೊತ್ತಿಗೆ ವಿಡಿಯೋದವರು ಲೈಟನ್ನು ಹೆಣ್ಣಿನ ಕಡೆಯಿಂದ ಗಂಡಿನ ಕಡೆಗೆ ತಿರುಗಿಸಿದರು. ಆಟೋ ವೈಟ್ ಬ್ಯಾಲೆನ್ಸ್ ಒಂದು ಫ್ರೇಮಿನಲ್ಲಿ ಹಳದಿಯ ಕಡೆ, ಮುಂದಿನ ಫ್ರೇಮಿನಲ್ಲಿ ನೀಲಿಯ ಕಡೆ ವಾಲಿತು. ಕೆಂಪು ರೇಷ್ಮೆ ಸೀರೆ ಒಂದರಲ್ಲಿ ಕಿತ್ತಳೆ, ಇನ್ನೊಂದರಲ್ಲಿ ನೇರಳೆ. ಪುರೋಹಿತರನ್ನು ಕರೆದು ಇನ್ನೊಂದು ಸಲ ಪಟ ಸರಿಸಿ ಎನ್ನಲಾಗುತ್ತದೆಯೇ?

ರಾದಲ್ಲಿ ವೈಟ್ ಬ್ಯಾಲೆನ್ಸ್ ಎನ್ನುವುದು ಬರೀ ಟಿಪ್ಪಣಿ. ಸೆನ್ಸರಿನ ಅಳತೆಯನ್ನು ಅದು ಮುಟ್ಟಿರುವುದಿಲ್ಲ. ಗಂಡಿನ ಬಿಳಿ ಪಂಚೆಯ ಮೇಲೆ ಒಂದು ಕ್ಲಿಕ್ ಮಾಡಿದರೆ ಸೀರೆಯ ಕೆಂಪು ತನ್ನ ಜಾಗಕ್ಕೆ ಬರುತ್ತದೆ. ಅದೇ ಅಳತೆಯನ್ನು ಆ ಬೆಳಕಿನ ಉಳಿದ ಫ್ರೇಮುಗಳಿಗೂ ಒಟ್ಟಿಗೆ ಹಾಕಬಹುದು. ಜೆಪೆಗ್‌ನಲ್ಲೂ ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಸರಿಮಾಡಬಹುದು. ಆದರೆ ಹಳದಿ ಬಲ್ಬಿನ ಬೆಳಕಿಗೆಂದಿರುವ ಟಂಗ್‌ಸ್ಟನ್ ಸೆಟ್ಟಿಂಗ್ ಹಾಕಿದ್ದು ಮರೆತು ಹೊರಗೆ ಬಿಸಿಲಲ್ಲಿ ತೆಗೆದ ಜೆಪೆಗ್ ಇದ್ದರೆ, ನೀಲಿ ತುಂಬಿ ಚೆಲ್ಲಿರುತ್ತದೆ, ಕೆಂಪು ಹಸಿದಿರುತ್ತದೆ, ಮುಖದ ಬಣ್ಣ ಎಷ್ಟು ತಿದ್ದಿದರೂ ಜೀವಂತ ಮನುಷ್ಯರ ಬಣ್ಣ ಆಗುವುದಿಲ್ಲ. ಇಂಥ ಕಡೆ ನನ್ನ ಅಭಿಪ್ರಾಯ ಖಚಿತ. ಬೆಳಕು ನಿಮ್ಮ ಕೈಯಲ್ಲಿಲ್ಲ, ಕ್ಷಣ ಮರಳಿ ಬರುವುದಿಲ್ಲ, ಇವೆರಡೂ ಸೇರಿದಲ್ಲಿ ರಾ ಹಿಡಿಯಲೇಬೇಕು. ದುಡ್ಡು ತಗೊಂಡು ಮಾಡುವ ಕೆಲಸವಾದರೆ ಇದರಲ್ಲಿ ರಿಯಾಯಿತಿ ಇಲ್ಲ.

ಹಾಗೆಂದು ರಾ ಹಿಡಿದಿದ್ದೇನೆ, ಎಲ್ಲ ಆಮೇಲೆ ನೋಡಿಕೊಂಡರಾಯಿತು ಎಂಬ ಧೈರ್ಯ ಬೇಡ. ಫೋಕಸ್ ತಪ್ಪಿದರೆ ತಪ್ಪಿದ್ದೇ. ಕೈ ಅಲುಗಿದರೆ ಅಲುಗಿದ್ದೇ. ಸೆನ್ಸರಿನ ಬಿಂದುವೇ ತುಂಬಿಹೋದರೆ ರಾದಲ್ಲೂ ಅಲ್ಲಿ ಏನೂ ಇರುವುದಿಲ್ಲ. ಜೆಪೆಗ್‌ನಲ್ಲಿ ಸುಟ್ಟಂತೆ ಕಂಡ ಬಿಳಿಯನ್ನು ರಾದಿಂದ ಸುಮಾರು ಒಂದು ಸ್ಟಾಪಿನಷ್ಟು ಮರಳಿ ತರಬಹುದು. ಅದು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬದಲಾಗುತ್ತದೆ, ಅದನ್ನೇ ನಂಬಿ ಕೂರಬಾರದು. ನೆರಳಿನಲ್ಲಿ ಮಾತ್ರ ಎಳೆದುಕೊಳ್ಳಲು ಇನ್ನೂ ಹೆಚ್ಚು ಜಾಗ ಇರುತ್ತದೆ.

ಈಗಿನ ವೇದಿಕೆಗಳ ಕೆಂಪು ಎಲ್‌ಇಡಿ ಇದಕ್ಕೆ ಒಳ್ಳೆಯ ಉದಾಹರಣೆ. ನಾಟಕದಲ್ಲಿ, ಆರ್ಕೆಸ್ಟ್ರಾದಲ್ಲಿ ಕಲಾವಿದರ ಮುಖಕ್ಕೆ ಅಪ್ಪಟ ಕೆಂಪು ಬೆಳಕು ಹೊಡೆದಾಗ ಹಸಿರು, ನೀಲಿ ಬಿಂದುಗಳಿಗೆ ಬೆಳಕೇ ಬಿದ್ದಿರುವುದಿಲ್ಲ. ಚಿತ್ರದ ಅರ್ಧ ಭಾಗದಷ್ಟಿರುವ ಹಸಿರು ಬಿಂದುಗಳು ಖಾಲಿ. ವೈಟ್ ಬ್ಯಾಲೆನ್ಸನ್ನು ಯಾವ ಕೊನೆಗೆ ಎಳೆದರೂ ಮುಖದ ಸಹಜ ಬಣ್ಣ ಬರುವುದಿಲ್ಲ, ಬರಲು ಅಲ್ಲಿ ಅದು ಇಲ್ಲವೇ ಇಲ್ಲ. ಅಂಥ ಹೊತ್ತಲ್ಲಿ ಕೆಂಪು ತುಂಬಿ ಹರಿಯದಂತೆ ಎಕ್ಸ್‌ಪೋಷರ್ ಇಳಿಸಿ ಹಿಡಿಯಿರಿ, ಆಮೇಲೆ ಕಪ್ಪುಬಿಳುಪು ಮಾಡಿ. ಕಣ್ಣಿನ ಸುತ್ತಲ ಗೆರೆ, ಹಣೆಯ ಬೆವರು ಎಲ್ಲ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ ಪಕ್ಷಿ ಛಾಯಾಗ್ರಾಹಕರಿಗೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಚಮಚ ಕೊಕ್ಕಿನ ಬಿಳಿ ಹಕ್ಕಿಯನ್ನು ಹಿಡಿಯುತ್ತಿದ್ದೀರಿ. ಹಿಂದೆ ಕಪ್ಪು ನೀರು. ಕ್ಯಾಮೆರಾ ಆ ಕಪ್ಪನ್ನು ನೋಡಿ ಎಕ್ಸ್‌ಪೋಷರ್ ಏರಿಸುತ್ತದೆ, ಬಿಳಿ ರೆಕ್ಕೆ ಸುಡುತ್ತದೆ. ನೀವು ಹಿಂಬದಿಯ ಪರದೆಯಲ್ಲಿ ಹಿಸ್ಟೋಗ್ರಾಂ, ಅಂದರೆ ಕಪ್ಪಿನಿಂದ ಬಿಳಿಯವರೆಗೆ ಎಲ್ಲಿ ಎಷ್ಟು ಬಿಂದುಗಳಿವೆ ಎಂಬ ನಕ್ಷೆ, ನೋಡುತ್ತೀರಿ. ರಾ ಹಿಡಿದಿದ್ದರೂ ಆ ಪರದೆಯಲ್ಲಿ ಕಾಣುವುದು ರಾ ಅಲ್ಲ. ಫೈಲಿನ ಒಳಗೆ ಅಡಗಿಸಿಟ್ಟ ಒಂದು ಜೆಪೆಗ್ ಅದು, ಹಿಸ್ಟೋಗ್ರಾಂ ಕೂಡ ಅದರದ್ದೇ. ಪಿಕ್ಚರ್ ಸ್ಟೈಲನ್ನು (ಜೆಪೆಗ್‌ನ ಬಣ್ಣ, ಕಾಂಟ್ರಾಸ್ಟ್ ಹೇಗಿರಬೇಕೆಂಬ ಆಯ್ಕೆ) ಗಾಢ ಬಣ್ಣದ ವಿವಿಡ್‌ನಲ್ಲಿ ಇಟ್ಟಿದ್ದರೆ, ರಾದಲ್ಲಿ ರೆಕ್ಕೆ ಚೆನ್ನಾಗಿದ್ದಾಗಲೂ ಪರದೆಯಲ್ಲಿ ಸುಟ್ಟಿದೆ ಎಂದು ಮಿಣಮಿಣ ತೋರಿಸುತ್ತದೆ. ನೀವು ಹೆದರಿ ಎಕ್ಸ್‌ಪೋಷರನ್ನು ವಿಪರೀತ ಇಳಿಸುತ್ತೀರಿ, ನೆರಳಲ್ಲಿ ನಾಯ್ಸ್ ತುಂಬುತ್ತದೆ. ರಾ ಹಿಡಿಯುವಾಗ ಸ್ಟೈಲನ್ನು ನ್ಯೂಟ್ರಲ್ ಅಥವಾ ಫ್ಲಾಟ್‌ನಲ್ಲಿಡಿ. ಪರದೆಯ ಚಿತ್ರ ಸಪ್ಪೆ ಕಾಣುತ್ತದೆ, ಕಾಣಲಿ. ಹಿಸ್ಟೋಗ್ರಾಂ ನಿಜಕ್ಕೆ ಹತ್ತಿರವಾಗುತ್ತದೆ.

ಜೆಪೆಗ್‌ನದೇ ಸರಿಯಾದ ಜಾಗ ಯಾವುದು? ವೇಗ ಬೇಕಾದ ಕಡೆ. ಕ್ರಿಕೆಟ್ ಪಂದ್ಯದಲ್ಲಿ ವಿಕೆಟ್ ಬಿದ್ದ ನಿಮಿಷದಲ್ಲೇ ಚಿತ್ರ ಸುದ್ದಿಮನೆಗೆ ಸೇರಬೇಕು, ಅಲ್ಲಿ ಕೂತು ರಾ ತಿದ್ದಲು ಪುರುಸೊತ್ತಿಲ್ಲ. ರಾಯ್ಟರ್ಸ್ ಸುದ್ದಿಸಂಸ್ಥೆ 2015ರ ನವೆಂಬರಿನಲ್ಲಿ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾದಿಂದ ತಯಾರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾದಲ್ಲೇ ಆದ ಜೆಪೆಗ್ ಕಳಿಸಿ ಎಂದು ಹೇಳಿತು. ವೇಗ ಒಂದು ಕಾರಣ, ಚಿತ್ರ ಕಂಡದ್ದಕ್ಕೆ ನಿಷ್ಠವಾಗಿರಬೇಕು ಎಂಬುದು ಇನ್ನೊಂದು. ಇದರ ಪಕ್ಕದಲ್ಲಿ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯನ್ನು ಇಟ್ಟು ನೋಡಿ. ಅಲ್ಲಿ ಕೊನೆಯ ಸುತ್ತಿಗೆ ಬಂದವರಿಂದ ಮೂಲ ಫೈಲು ಕೇಳುತ್ತಾರೆ. ಏನನ್ನಾದರೂ ಅಳಿಸಿದ್ದೀರಾ, ಸೇರಿಸಿದ್ದೀರಾ ಎಂದು ರಾ ಜೊತೆ ಹೋಲಿಸುತ್ತಾರೆ. ಇಬ್ಬರಿಗೂ ಬೇಕಾದದ್ದು ನಂಬಿಕೆಯೇ. ಒಬ್ಬರು ಅದನ್ನು ಜೆಪೆಗ್‌ನಲ್ಲಿ ಹುಡುಕಿದರು, ಇನ್ನೊಬ್ಬರು ರಾದಲ್ಲಿ. ನಾಗರಹೊಳೆ, ಕಬಿನಿಗೆ ಹೋಗುವವರು ನೀವು ಸ್ಪರ್ಧೆಗೆ ಕಳಿಸುವ ಯೋಚನೆ ಇದ್ದರೆ ರಾವನ್ನು ಅಳಿಸದೆ ಇಟ್ಟುಕೊಳ್ಳಿ.

ಬಫರ್, ಅಂದರೆ ಚಿತ್ರಗಳು ಕಾರ್ಡಿಗೆ ಹೋಗುವ ಮೊದಲು ಕ್ಯಾಮೆರಾದಲ್ಲಿ ನಿಲ್ಲುವ ತಾತ್ಕಾಲಿಕ ಜಾಗ, ಕೂಡ ಒಂದು ವಿಷಯ. 2.4 ಕೋಟಿ ಬಿಂದುಗಳಿಗೆ 14 ಬಿಟ್ ಎಂದರೆ ಕುಗ್ಗಿಸದಿದ್ದರೆ 42 ಎಂಬಿ. ಲಾಸ್‌ಲೆಸ್ ಆಗಿ, ಅಂದರೆ ಏನೂ ಕಳೆಯದೆ, ಕುಗ್ಗಿಸಿದರೂ 25–30 ಎಂಬಿ ಆಸುಪಾಸು. ಅದೇ ಕ್ಯಾಮೆರಾದ ಉತ್ತಮ ಜೆಪೆಗ್ 10 ಎಂಬಿಯ ಸುತ್ತಮುತ್ತ. ಕಂಬಳದಲ್ಲಿ ಕೋಣಗಳು ಕರೆಯ (ಓಟದ ಕೆಸರುಗದ್ದೆಯ) ಆ ತುದಿಯಿಂದ ಹೊರಟಾಗಲೇ ಬೆರಳು ಒತ್ತಿ ಹಿಡಿದರೆ, ಹಳೆಯ ಅಥವಾ ಕಡಿಮೆ ಬೆಲೆಯ ಕ್ಯಾಮೆರಾದಲ್ಲಿ ರಾ ತುಂಬಿ ಬಫರ್ ಕಟ್ಟಿಕೊಂಡು, ನೀರು ಚಿಮ್ಮುವ ಮುಖ್ಯ ಹೊತ್ತಿಗೆ ಕ್ಯಾಮೆರಾ ನಿಂತೇಬಿಡುತ್ತದೆ. ಹಗಲಿನ ಕಂಬಳ, ಬೆಳಕು ಸ್ಥಿರವಾಗಿದೆ, ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿ ಹೊಂದಿಸಿದ್ದೀರಿ ಎಂದಾದರೆ ಅಲ್ಲಿ ಜೆಪೆಗ್ ಹಿಡಿಯಿರಿ, ಸಂಕೋಚ ಬೇಡ. ಊರೂರು ತಿರುಗಿ ಶಾಸನ, ವೀರಗಲ್ಲು ದಾಖಲಿಸುವವರಿಗೂ ಅಷ್ಟೆ. ಓರೆಯಾಗಿ ಬೆಳಕು ಬಿಟ್ಟು ಅಕ್ಷರ ಎದ್ದು ಕಾಣುವಂತೆ ಹಿಡಿದ ಒಳ್ಳೆಯ ಜೆಪೆಗ್ ಓದುವುದಕ್ಕೆ ಸಾಕು. ಯಾವ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ ಎಂಬ ಲಾಭ ಬೇರೆ.

ಇನ್ನು ಕೂತು ತಿದ್ದುವ ಆಸೆಯೇ ಇಲ್ಲದವರು. ಇದು ತಪ್ಪಲ್ಲ. ರಾ ಹಿಡಿದು ಹಾರ್ಡ್‌ಡಿಸ್ಕ್‌ನಲ್ಲಿ ತುಂಬಿಟ್ಟು ಮತ್ತೆ ತೆರೆಯದಿದ್ದರೆ ಆ ಚಿತ್ರ ಯಾರಿಗೂ ಸಿಗುವುದಿಲ್ಲ. ಅಂಥವರು ಜೆಪೆಗ್‌ಗೆ ಬೇಕಾದ ಶಿಸ್ತು ಕಲಿಯಲಿ: ವೈಟ್ ಬ್ಯಾಲೆನ್ಸ್ ಮೊದಲೇ ನೋಡಿ ಹಾಕುವುದು, ಬಿಳಿಯನ್ನು ಕಾಯುವುದು, ಸ್ಟೈಲ್ ಆರಿಸುವುದು. ಸ್ಲೈಡ್ ಫಿಲ್ಮಿನ ಕಾಲದವರಿಗೆ ಇದು ಹೊಸತಲ್ಲ. ಕಲರ್ ನೆಗೆಟಿವ್‌ನಲ್ಲಿ ಪ್ರಿಂಟ್ ಹಾಕುವಾಗ ಸರಿಮಾಡಿಕೊಳ್ಳುವ ಅವಕಾಶ ಇತ್ತು. ಸ್ಲೈಡಿನಲ್ಲಿ ಅರ್ಧ ಸ್ಟಾಪ್ ಹೆಚ್ಚಾದರೂ ಆಕಾಶ ಹೋಗುತ್ತಿತ್ತು. ಆ ಪೀಳಿಗೆಯ ನಮ್ಮ ಛಾಯಾಗ್ರಾಹಕರು ಶಟರ್ ಒತ್ತುವ ಮೊದಲೇ ತೀರ್ಮಾನ ಮುಗಿಸಿರುತ್ತಿದ್ದರು. ಹೊಸದಾಗಿ ಕಲಿಯುವವರಿಗೆ ಕೆಲವು ತಿಂಗಳು ಬರೀ ಜೆಪೆಗ್‌ನಲ್ಲೇ ತೆಗೆಯಲು ನಾನು ಹೇಳುವುದು ಈ ಕಾರಣಕ್ಕೇ.

ರಾ, ಜೆಪೆಗ್ ಎರಡನ್ನೂ ಒಟ್ಟಿಗೆ ಹಿಡಿಯಬಹುದಲ್ಲ ಎಂದು ಒಬ್ಬರು ಕೇಳಿದರು. ಹಿಡಿಯಬಹುದು. ಎರಡು ಕಾರ್ಡಿನ ಕ್ಯಾಮೆರಾ ಇದ್ದರೆ ಮದುವೆಗೆ ಅದೇ ಉತ್ತಮ. ಒಂದರಲ್ಲಿ ರಾ, ಇನ್ನೊಂದರಲ್ಲಿ ಜೆಪೆಗ್. ಅವತ್ತು ರಾತ್ರಿಯೇ ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಕಳಿಸಿ ಎಂದು ಮನೆಯವರು ಕೇಳುವುದು ಗ್ಯಾರಂಟಿ, ಜೆಪೆಗ್ ಕೈಯಲ್ಲಿರುತ್ತದೆ. ಒಂದು ಕಾರ್ಡ್ ಕೈಕೊಟ್ಟರೂ ಮದುವೆ ಉಳಿಯುತ್ತದೆ.

ಫೋನಿನ ಬಗ್ಗೆ ಎರಡು ಮಾತು. ಆಂಡ್ರಾಯ್ಡ್‌ನಲ್ಲಿ 2014ರಿಂದ ರಾ ತೆಗೆಯುವ ಸೌಲಭ್ಯ ಇದೆ. ಆದರೆ ಫೋನಿನಲ್ಲಿ ಲೆಕ್ಕ ಹಲವೊಮ್ಮೆ ತಿರುಗುಮುರುಗು. ನೀವು ಒಂದು ಸಲ ಒತ್ತಿದರೆ ಫೋನು ಹಲವು ಫ್ರೇಮು ಹಿಡಿದು, ಜೋಡಿಸಿ, ನಾಯ್ಸ್ ಕಳೆದು ಜೆಪೆಗ್ ಕೊಡುತ್ತದೆ. ಒಂದೇ ಫ್ರೇಮಿನ ರಾದಲ್ಲಿ ಆ ಲಾಭ ಇಲ್ಲ, ರಾತ್ರಿ ಹೊತ್ತು ಅದು ಜೆಪೆಗ್‌ಗಿಂತ ಕಳಪೆ ಕಾಣಬಹುದು. ಆಪಲ್ 2020ರಲ್ಲಿ ಐಫೋನ್ 12 ಪ್ರೋ ಜೊತೆ ತಂದ ಪ್ರೋರಾ ಈ ಎರಡನ್ನೂ ಸೇರಿಸುವ ದಾರಿ.

ಕೊನೆಯದಾಗಿ ಕಾಯ್ದಿಡುವ ವಿಷಯ, ಇದನ್ನು ಕೇಳಿದವರು ಹೆಚ್ಚು. ರಾ ತೆರೆಯಲು ದುಬಾರಿ ಸಾಫ್ಟ್‌ವೇರೇ ಬೇಕೆಂದಿಲ್ಲ. ಡಾರ್ಕ್‌ಟೇಬಲ್, ರಾಥೆರಪಿ ಉಚಿತ. ನಿಕಾನ್, ಕ್ಯಾನನ್ ತಮ್ಮದೇ ಸಾಫ್ಟ್‌ವೇರನ್ನು ಪುಕ್ಕಟೆ ಕೊಡುತ್ತವೆ. ಜೆಪೆಗ್ ಅನ್ನು ತೆರೆದು, ತಿದ್ದಿ, ಮತ್ತೆ ಮತ್ತೆ ಸೇವ್ ಮಾಡಿದರೆ ಪ್ರತಿ ಸಲವೂ ಒಂದಿಷ್ಟು ಕಳೆದುಹೋಗುತ್ತದೆ, ಮೂಲ ಪ್ರತಿಯನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಿ. ಆಲ್ಬಂ ಕೊಟ್ಟಾದ ಮೇಲೆ ಎಲ್ಲ ರಾಗಳನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ಕಣ್ಣು ಮುಚ್ಚಿದ್ದು, ಫೋಕಸ್ ತಪ್ಪಿದ್ದು, ಒಂದೇ ಥರದ ಹತ್ತರಲ್ಲಿ ಒಂಬತ್ತು, ಇವನ್ನೆಲ್ಲ ಧೈರ್ಯವಾಗಿ ಅಳಿಸಿ. ಆರಿಸಿದವುಗಳ ರಾವನ್ನು ಮಾತ್ರ ಎರಡು ಬೇರೆಬೇರೆ ಡಿಸ್ಕ್‌ಗಳಲ್ಲಿ, ಸಾಧ್ಯವಾದರೆ ಬೇರೆಬೇರೆ ಮನೆಗಳಲ್ಲಿ ಇಡಿ. ಹತ್ತು ಹದಿನೈದು ವರ್ಷ ಹಿಂದಿನ ಕ್ಯಾಮೆರಾದ ರಾವನ್ನು ಇವತ್ತಿನ ನಾಯ್ಸ್ ತೆಗೆಯುವ ಸಾಫ್ಟ್‌ವೇರಿಗೆ ಕೊಟ್ಟು ನೋಡಿ. ಐಎಸ್‌ಒ 3200ರಲ್ಲಿ ತೆಗೆದು, ಆಗ ಪ್ರಿಂಟ್ ಹಾಕಲಾಗದೆ ಬಿಟ್ಟಿದ್ದ ಅಜ್ಜಿಯ ಮುಖ ಎ3 ಅಳತೆಗೆ ಸಲೀಸಾಗಿ ಬರಬಹುದು. ಅದೇ ರಾತ್ರಿಯ ಜೆಪೆಗ್‌ನಲ್ಲಾದರೆ ಅವರ ಚರ್ಮದ ಸುಕ್ಕುಗಳನ್ನು ಕ್ಯಾಮೆರಾ ಅವತ್ತೇ ನಾಯ್ಸ್ ಜೊತೆಗೆ ಒರೆಸಿ ಹಾಕಿರುತ್ತದೆ. ಮನೆಗೆ ಹೋದಮೇಲೆ ನಿಮ್ಮ ಹಳೆಯ ಡಿಸ್ಕ್‌ಗಳಲ್ಲಿ ಅಂಥ ರಾ ಫೈಲುಗಳಿವೆಯೇ ಎಂದು ಹುಡುಕಿ, ಸಿಕ್ಕರೆ ಮುಂದಿನ ಸಲ ತನ್ನಿ, ಇಲ್ಲೇ ಪರದೆಯ ಮೇಲೆ ಹಾಕಿ ಒಟ್ಟಿಗೆ ತೆಗೆಯೋಣ.